ತೋಟದ ಕಳೆ, ಕೊಟ್ಟಿಗೆಯ ಬೆಳೆ

ಅಡಿಕೆ ಮರದ ತುದಿಯಲ್ಲಿ ತೂಗುವ ಗೊನೆಯ ಬೆಲೆ ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ದಿನವೂ ಪ್ರಕಟವಾಗುತ್ತದೆ. ಅದೇ ಮರದ ಬುಡದಲ್ಲಿ ಬೆಳೆಯುವ ಹುಲ್ಲಿಗೆ ಮಾರುಕಟ್ಟೆಯಿಲ್ಲ, ಧಾರಣೆಯಿಲ್ಲ, ಲೆಕ್ಕವೂ ಇಲ್ಲ. ಆದರೆ ಮಲೆನಾಡು ಮತ್ತು ಕರಾವಳಿಯ ತೋಟದ ಮನೆಗಳಲ್ಲಿ ಮಳೆಗಾಲದ ನಾಲ್ಕೈದು ತಿಂಗಳು ಹಸುಗಳು ಹಾಲು ಕೊಡುವುದು ಬಹುಮಟ್ಟಿಗೆ ಈ ಲೆಕ್ಕಕ್ಕೆ ಸಿಗದ ಹುಲ್ಲಿನ ಬಲದಿಂದ. ಬೆಳಿಗ್ಗೆ ಕತ್ತಿ ಹಿಡಿದು ತೋಟಕ್ಕೆ ಇಳಿದು, ಉಂಬಳಗಳ ಕಾಟ ಸಹಿಸಿಕೊಂಡು, ಒಂದು ಹೊರೆ ಹುಲ್ಲಿನೊಂದಿಗೆ ಮೇಲೆ ಬರುವ ಹೆಂಗಸರ ದುಡಿಮೆಯೂ ಅಷ್ಟೇ, ಯಾವ ಲೆಕ್ಕದ ಪುಸ್ತಕದಲ್ಲಿಯೂ ಸೇರಿಲ್ಲ.

ಈ ಹುಲ್ಲಿನ ಕುರಿತು ಈಗ ಯೋಚಿಸಬೇಕಾದ ಪ್ರಮೇಯ ಬಂದಿದೆ. ಒಂದೆಡೆ ಹೈನುಗಾರಿಕೆಗೆ ಮೇವು ಸಾಲುತ್ತಿಲ್ಲ. ಇನ್ನೊಂದೆಡೆ ತೋಟಗಳಿಗೆ ಸುರಿಯುವ ಔಷಧಿಯ ಪ್ರಮಾಣ ಏರುತ್ತಿದೆ. ಮರದ ಬುಡದ ಹುಲ್ಲು ಮೇವಾಗಿ ಉಳಿಯುವುದೇ, ಕಳೆಯೆಂದು ಸುಟ್ಟುಹೋಗುವುದೇ, ಅಥವಾ ಹಸಿರಾಗಿ ಕಾಣುತ್ತಲೇ ವಿಷವಾಗುವುದೇ ಎಂಬುದು ಇಂದಿನ ಪ್ರಶ್ನೆ.

ಗದ್ದೆ ಹೋಯಿತು, ಬೈಹುಲ್ಲೂ ಹೋಯಿತು

ಮೊದಲು ಮಲೆನಾಡಿನ ದನಗಳಿಗೆ ಮೇವಿನ ಮೂಲಗಳು ಹಲವಾರಿದ್ದವು. ಗದ್ದೆಯಿಂದ ಬೈಹುಲ್ಲು, ಬ್ಯಾಣದಿಂದ ಕರಡ, ಕಾಡಿನಂಚಿನಲ್ಲಿ ಮೇಯಲು ಜಾಗ. ಉತ್ತರ ಕನ್ನಡದ ತೋಟಿಗರಿಗಂತೂ ಬ್ರಿಟಿಷರ ಕಾಲದಿಂದಲೂ ಸೊಪ್ಪಿನಬೆಟ್ಟದ ಸೌಲಭ್ಯವಿತ್ತು. ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ. ಸೊಪ್ಪು, ದರಕು, ಹುಲ್ಲು ಎಲ್ಲವೂ ಅಲ್ಲಿಂದಲೇ ಬರುತ್ತಿತ್ತು. ಮೇಯಲು ಬಿಟ್ಟರೆ ಸಂಜೆ ತಾನಾಗಿ ಮನೆಗೆ ಮರಳುವ ಮಲೆನಾಡು ಗಿಡ್ಡ ತಳಿಯ ಪುಟ್ಟ ಹಸುವಿಗೆ ಅದು ಧಾರಾಳವಾಗಿತ್ತು. ನೂರು ಕಿಲೋ ಆಸುಪಾಸಿನ ತೂಕದ ಈ ಹಸು ಕೊಡುವ ಹಾಲು ಕಡಿಮೆ, ಬೇಡುವ ಮೇವೂ ಕಡಿಮೆ.

ಈ ಚಿತ್ರ ಬದಲಾಗಿ ಬಹಳ ಕಾಲವಾಯಿತು. ಭತ್ತದ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾದವು. ಗದ್ದೆ ತೋಟವಾದಾಗ ಮನೆಗೆ ಅಕ್ಕಿಯನ್ನು ಅಂಗಡಿಯಿಂದ ತಂದರಾಯಿತು. ಬೈಹುಲ್ಲನ್ನು ಮಾತ್ರ ಬಯಲುಸೀಮೆಯಿಂದ ಲಾರಿಯಲ್ಲಿ ತರಿಸಬೇಕು. ಲಾರಿ ಬಾಡಿಗೆ ಸೇರಿದರೆ ಅದು ಒಣಹುಲ್ಲೋ ಬಂಗಾರವೋ ಎಂಬಂತಾಗುತ್ತದೆ. ಬ್ಯಾಣಗಳಿಗೂ ಅಡಿಕೆ ಏರಿತು. ಬೋಳು ಗುಡ್ಡಗಳಲ್ಲಿ 1980ರ ದಶಕದಿಂದ ಅರಣ್ಯೀಕರಣದ ಹೆಸರಿನಲ್ಲಿ ಅಕೇಶಿಯಾ ನೆಟ್ಟದ್ದು ಇನ್ನೊಂದು ಕತೆ. ಅದರ ಎಲೆಯನ್ನು ದನ ಮುಟ್ಟುವುದಿಲ್ಲ; ಉದುರಿದ ಎಲೆ ಬೇಗ ಕೊಳೆಯುವುದೂ ಇಲ್ಲ; ಆ ಎಲೆಯ ಹಾಸಿನ ಕೆಳಗಿಂದ ಹುಲ್ಲು ಮೇಲೇಳುವುದು ಕಷ್ಟ. ಮರಗಳ ನಡುವೆ ಅಲ್ಲಲ್ಲಿ ಬಿಸಿಲು ಬಿದ್ದೆಡೆ ಎದ್ದು ನಿಲ್ಲುವುದು ಲಂಟಾನ, ಇಲ್ಲವೇ ಜನ ‘ಕಮ್ಯುನಿಸ್ಟ್ ಗಿಡ’ ಎಂದು ಕರೆಯುವ ಯುಪಟೋರಿಯಂ. ಎರಡನ್ನೂ ದನ ಇಷ್ಟಪಟ್ಟು ತಿನ್ನುವುದಿಲ್ಲ. ಹಸಿವಿಗೆ ಲಂಟಾನ ತಿಂದರೆ ಯಕೃತ್ತು ಕೆಟ್ಟು ಕಾಮಾಲೆ ಬರುತ್ತದೆ, ಬಿಸಿಲಿಗೆ ಬಂದರೆ ಚರ್ಮ ಸುಟ್ಟಂತಾಗಿ ಸುಲಿಯುತ್ತದೆ. ಮರಗಳ ಕೆಳಗಿನ ಹಸಿರೆಲ್ಲ ಮೇವಲ್ಲ ಎಂಬುದಕ್ಕೆ ನೆಡುತೋಪುಗಳಿಗಿಂತ ಬೇರೆ ಉದಾಹರಣೆ ಬೇಕಿಲ್ಲ.

ಕಾಡಂಚಿನ ಮೇಯುವಿಕೆಗೆ ಅದರದೇ ಆದ ಅಪಾಯವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆಯನ್ನು ಹರಡುವ ಉಣ್ಣೆಗಳಿಗೆ ದನಗಳು ಆಶ್ರಯ. ದನದ ಮೈಯಲ್ಲಿ ಆ ರೋಗ ನೆಲೆಸುವುದಿಲ್ಲ, ಆದರೆ ಬಲಿತ ಉಣ್ಣೆ ದನದ ರಕ್ತ ಹೀರಿ, ಮೊಟ್ಟೆಯಿಟ್ಟು ಸಂತತಿ ಬೆಳೆಸುತ್ತದೆ. ಆದ್ದರಿಂದ ದನವನ್ನು ಕೊಟ್ಟಿಗೆಯಲ್ಲಿಯೇ ಕಟ್ಟಿ ಸಾಕುವ ಪದ್ಧತಿ ಹೆಚ್ಚಿತು. ಮಿಶ್ರತಳಿ ಬಂದ ಮೇಲಂತೂ ಅನಿವಾರ್ಯವೇ ಆಯಿತು. ಜೆರ್ಸಿ ಅಥವಾ ಎಚ್.ಎಫ್. ಮಿಶ್ರತಳಿಯ ಹಸು ಗುಡ್ಡ ಹತ್ತಿ ಮೇದು ಬರುವ ಜೀವವಲ್ಲ.

ಹೀಗೆ ಎಲ್ಲ ಬಾಗಿಲುಗಳೂ ಮುಚ್ಚುತ್ತ ಬಂದಾಗ ಉಳಿದದ್ದು ತೋಟದ ನೆಲ.

ನೆರಳಿನ ಲೆಕ್ಕ

ಅಡಿಕೆಯನ್ನು ಸಾಮಾನ್ಯವಾಗಿ 2.7 ಮೀಟರ್ ಅಂತರದಲ್ಲಿ ನೆಡಲು ಶಿಫಾರಸು ಇದೆ. ಎಕರೆಗೆ ಸುಮಾರು 550 ಮರ. ಸಸಿ ನೆಟ್ಟ ಮೊದಲ ನಾಲ್ಕೈದು ವರ್ಷ ಬಿಸಿಲು ನೆಲಕ್ಕೆ ಬೀಳುತ್ತದೆ, ಹುಲ್ಲು ಹುಲುಸಾಗಿ ಬರುತ್ತದೆ. ಮರ ಬಲಿತ ಮೇಲೆ ಬಿಸಿಲಿನ ಮೂರನೆಯ ಒಂದು ಭಾಗದಿಂದ ಅರ್ಧದೊಳಗೆ ಮಾತ್ರ ಕೆಳಗಿಳಿಯುತ್ತದೆ. ಅದರಲ್ಲಿ ಕಾಳುಮೆಣಸು, ಬಾಳೆ, ಕೋಕೋ, ಏಲಕ್ಕಿ ಪಾಲು ಕೇಳುತ್ತವೆ. ಉಳಿದ ಬೆಳಕಿನಲ್ಲಿ ಬೆಳೆಯುವುದು ಗರಿಕೆ, ಕನ್ನೆಸೊಪ್ಪು, ಒಂದೆಲಗ ಮತ್ತು ಊರೂರಿಗೆ ಹೆಸರು ಬದಲಾಗುವ ಹತ್ತಾರು ಬಗೆಯ ಸಣ್ಣ ಹುಲ್ಲುಗಳು.

ತೆಂಗಿನ ತೋಟದಲ್ಲಿ ಸ್ಥಿತಿ ಹೆಚ್ಚು ಅನುಕೂಲಕರ. ಮರಗಳ ನಡುವಣ ಅಂತರ 7.5 ಮೀಟರ್. ಮರದ ಚುರುಕಾದ ಬೇರುಗಳು ಬುಡದ ಸುತ್ತ ಎರಡು ಮೀಟರ್‌ ಒಳಗೇ ಹೆಚ್ಚಾಗಿ ಇರುವುದರಿಂದ ತೋಟದ ನೆಲದ ದೊಡ್ಡ ಭಾಗ ತೆಂಗಿನ ಉಪಯೋಗಕ್ಕೆ ಬರುವುದೇ ಇಲ್ಲ. ಎಂಟು ವರ್ಷದವರೆಗೆ ಬಿಸಿಲು, ಅಲ್ಲಿಂದ ಸುಮಾರು 25 ವರ್ಷದವರೆಗೆ ದಟ್ಟ ನೆರಳು, ಆಮೇಲೆ ಮರ ಎತ್ತರವಾದಂತೆ ಮತ್ತೆ ಬಿಸಿಲು. ಕಾಸರಗೋಡಿನಲ್ಲಿರುವ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ದಶಕಗಳ ಹಿಂದೆಯೇ ತೆಂಗಿನ ನಡುವೆ ಮೇವಿನ ಹುಲ್ಲು ಬೆಳೆದು ಹಸು ಸಾಕುವ ಮಿಶ್ರ ಬೇಸಾಯವನ್ನು ಪ್ರಯೋಗಿಸಿ ತೋರಿಸಿದೆ. ಒಂದು ಹೆಕ್ಟೇರ್ ತೆಂಗಿನ ತೋಟದ ಹುಲ್ಲಿನಲ್ಲಿ ನಾಲ್ಕೈದು ಹಸು ಸಾಕಬಹುದೆಂಬುದು ಆ ಪ್ರಯೋಗಗಳ ಸಾರ. ನೀರು ಮತ್ತು ಗೊಬ್ಬರ ಸಾಕಷ್ಟಿದ್ದರೆ ಮಾತ್ರ ಎಂಬ ಷರತ್ತನ್ನು ಮರೆಯಬಾರದು.

ಯಾವ ಹುಲ್ಲು ಎಂಬುದು ನೆರಳನ್ನು ಅವಲಂಬಿಸಿದೆ. ಹೈಬ್ರಿಡ್ ನೇಪಿಯರ್ ಇಳುವರಿಯಲ್ಲಿ ರಾಜ, ಆದರೆ ಅದಕ್ಕೆ ಬಿಸಿಲು ಬೇಕು. ಅಡಿಕೆ ತೋಟದ ನಡುವೆ ಅದನ್ನು ನೆಟ್ಟು, ಬಡಕಲು ಕಡ್ಡಿಗಳನ್ನು ಕಂಡು ಬೇಸರಿಸಿ ಕಿತ್ತು ಹಾಕಿದವರು ಕಡಿಮೆಯಿಲ್ಲ. ಗಿನಿ ಹುಲ್ಲು ಮತ್ತು ಕಾಂಗೋ ಸಿಗ್ನಲ್ ಹುಲ್ಲು ನೆರಳನ್ನು ತಕ್ಕಮಟ್ಟಿಗೆ ಸಹಿಸುತ್ತವೆ. ದಟ್ಟ ನೆರಳಿನ ಹಳೆಯ ಅಡಿಕೆ ತೋಟದಲ್ಲಿ ಇವನ್ನೂ ನೆಡುವುದಕ್ಕಿಂತ, ತಾನಾಗಿ ಬರುವ ಹುಲ್ಲನ್ನೇ ಬಳಸಿಕೊಂಡು, ನೇಪಿಯರ್ ಅನ್ನು ತೋಟದ ಅಂಚಿಗೆ, ಬೇಲಿಯ ಸಾಲಿಗೆ ಸೀಮಿತಗೊಳಿಸುವುದು ಜಾಣತನ.

ರಬ್ಬರ್ ತೋಟದಲ್ಲಿ ಇನ್ನೊಂದು ವಿಚಿತ್ರವಿದೆ. ಸುಳ್ಯ, ಪುತ್ತೂರು, ಬೆಳ್ತಂಗಡಿ ಭಾಗದ ರಬ್ಬರ್ ಬೆಳೆಗಾರರು ಎಳೆ ತೋಟದಲ್ಲಿ ನೆಲ ಮುಚ್ಚಲು ದ್ವಿದಳ ಬಳ್ಳಿ ಬೆಳೆಸುತ್ತಾರೆ. ಅದರಲ್ಲಿ ಪ್ಯುರೇರಿಯಾ ಬಳ್ಳಿಯನ್ನು ದನ ಪ್ರೀತಿಯಿಂದ ತಿನ್ನುತ್ತದೆ. ಮುಕುನಾ ಬ್ರ್ಯಾಕ್ಟಿಯೇಟಾ ಎಂಬ ಬಳ್ಳಿಯನ್ನು ದನ ಮೂಸಿಯೂ ನೋಡುವುದಿಲ್ಲ. ಬೆಳೆಗಾರರ ಒಲವು ಎರಡನೆಯದರ ಕಡೆಗೇ. ದನ ತಿನ್ನದಿರುವುದೇ ಅದರ ಒಂದು ಗುಣವೆಂದು ಎಣಿಸಲಾಗಿದೆ!

ಹೊರೆಯಲ್ಲಿ ಎಷ್ಟು ನೀರು, ಎಷ್ಟು ಮೇವು

ತೋಟದ ಹುಲ್ಲನ್ನು ಕುರಿತು ಇರುವ ದೊಡ್ಡ ತಪ್ಪುಕಲ್ಪನೆ ಹೊರೆಯ ಗಾತ್ರಕ್ಕೆ ಸಂಬಂಧಿಸಿದ್ದು. ನಾನೂರು ಕಿಲೋ ತೂಕದ ಮಿಶ್ರತಳಿ ಹಸುವಿಗೆ ದಿನಕ್ಕೆ ನೀರಿನಂಶ ಕಳೆದು ಸುಮಾರು 10ರಿಂದ 12 ಕಿಲೋ ಮೇವು ಬೇಕು. ಮಳೆಗಾಲದ ತೋಟದ ಎಳೆ ಹುಲ್ಲಿನಲ್ಲಿ ಶೇ. 80ಕ್ಕೂ ಹೆಚ್ಚು ನೀರೇ. ಅಂದರೆ 40 ಕಿಲೋ ಹೊರೆ ಹೊತ್ತು ತಂದರೂ ಹಸುವಿನ ಹೊಟ್ಟೆಗೆ ಸೇರುವ ಒಣಪದಾರ್ಥ ಎಂಟು ಕಿಲೋ. ಹೊಟ್ಟೆ ತುಂಬಿದಂತೆ ಕಾಣುತ್ತದೆ, ಸಗಣಿ ತೆಳ್ಳಗಾಗುತ್ತದೆ, ಹಾಲಿನ ಜಿಡ್ಡು ಇಳಿಯುತ್ತದೆ. ಡೇರಿಯಲ್ಲಿ ಜಿಡ್ಡು ನೋಡಿ ದರ ಕಟ್ಟುವುದರಿಂದ ಇದು ನೇರವಾಗಿ ಜೇಬಿಗೆ ತಟ್ಟುವ ವಿಷಯ. ಹಳಬರು ಹಸಿಹುಲ್ಲಿನೊಂದಿಗೆ ಒಂದೆರಡು ಹಿಡಿ ಬೈಹುಲ್ಲು ಬೆರೆಸಿ ಹಾಕುತ್ತಿದ್ದುದು ಈ ಕಾರಣಕ್ಕೇ. ಬೈಹುಲ್ಲಿನಲ್ಲಿ ಸಸಾರಜನಕ ಶೇ. 3ರಿಂದ 4 ಮಾತ್ರ, ಹಸಿರು ಹುಲ್ಲಿನಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ಆದರೆ ನಾರು ಕೊಡುವುದು ಬೈಹುಲ್ಲು. ಒಂದಕ್ಕೊಂದು ಪೂರಕ. ಹಿಂಡಿಯ ಬೆಲೆ ಏರಿದಾಗಲೆಲ್ಲ ಹಸಿರು ಮೇವಿನ ನೆನಪಾಗುವುದಕ್ಕೂ ಈ ಸಸಾರಜನಕವೇ ಕಾರಣ.

ಕಾಲುವೆಯ ಅಂಚಿನ ಹುಲ್ಲು ನೋಡಲು ಸೊಗಸು. ಅದರಲ್ಲಿ ಯಕೃತ್ತಿಗೆ ತಗಲುವ ಚಪ್ಪಟೆ ಜಂತುವಿನ ಮರಿಗಳು ಅಂಟಿಕೊಂಡಿರುವ ಸಂಭವ ಹೆಚ್ಚು. ನೀರಿನ ಬಸವನಹುಳುವಿನಲ್ಲಿ ಬೆಳೆದ ಈ ಮರಿಗಳು ಹುಲ್ಲಿನ ಬುಡಭಾಗಕ್ಕೆ ಬಂದು ಕೂರುತ್ತವೆ. ನೀರಿನ ಮಟ್ಟದಿಂದ ಒಂದು ಗೇಣು ಮೇಲಕ್ಕೆ ಬಿಟ್ಟು ಕೊಯ್ದರೆ ಅಪಾಯ ಬಹಳಷ್ಟು ತಗ್ಗುತ್ತದೆ. ಮಳೆಗಾಲದ ನಂತರ ಹಸು ಕಾರಣವಿಲ್ಲದೆ ಸೊರಗಿ, ಗಲ್ಲದಡಿ ನೀರು ತುಂಬಿದರೆ ಸಗಣಿ ಪರೀಕ್ಷೆ ಮಾಡಿಸುವುದು ಲೇಸು.

ದನವನ್ನು ತೋಟಕ್ಕೆ ಬಿಟ್ಟು ಮೇಯಿಸಬಾರದೇ ಎಂಬ ಪ್ರಶ್ನೆ ನಗರದ ಓದುಗರಿಗೆ ಸಹಜವಾಗಿ ಬಂದೀತು. ತೆಂಗಿನ ತೋಟದಲ್ಲಿ ಬೇಸಿಗೆಯಲ್ಲಿ ಕಟ್ಟಿ ಮೇಯಿಸುವವರಿದ್ದಾರೆ. ಅಡಿಕೆ ತೋಟದಲ್ಲಿ ಅದು ಆಗದ ಮಾತು. ಬಸಿಗಾಲುವೆಯ ದರೆ ಗೊರಸಿಗೆ ಕುಸಿಯುತ್ತದೆ, ಬಾಳೆ ಉಳಿಯುವುದಿಲ್ಲ, ಮೇಲ್ಪದರದಲ್ಲಿರುವ ಅಡಿಕೆ ಬೇರು ತುಳಿತಕ್ಕೆ ಸಿಕ್ಕು ನಲುಗುತ್ತದೆ. ಕೊಯ್ದು ತಂದು ಹಾಕುವುದೊಂದೇ ದಾರಿ. ಕೊಯ್ಯುವ ಕೈಗಳೇ ಈಗ ಕಡಿಮೆ.

ಮೇಲಿನಿಂದ ತೊಟ್ಟಿಕ್ಕುವ ತಾಮ್ರ

ಇಲ್ಲಿಂದ ಮುಂದಿನದು ಸ್ವಲ್ಪ ಗಂಭೀರ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮಿಶ್ರಣ ಸಿಂಪಡಿಸುವುದು ಮಲೆನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಸೇವೆಗೆ 1908ರಲ್ಲಿ ಬಂದ ಕೆನಡಾ ಮೂಲದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಧ್ಯಯನ ಮಾಡಿ ಇದನ್ನು ಬಳಕೆಗೆ ತಂದರು. ಅದಕ್ಕೂ ಮೊದಲು ಗೊನೆಗೆ ಕರಡದ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಈಗಲೂ ಕೆಲವೆಡೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುವ ಪದ್ಧತಿ ಇದೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ಪ್ರಸಿದ್ಧ ಸೂತ್ರ. ಮಳೆಗಾಲದ ಮುನ್ನ ಒಮ್ಮೆ, 40-45 ದಿನಗಳ ನಂತರ ಮತ್ತೊಮ್ಮೆ. ಮಳೆ ಜಾಸ್ತಿಯಾದರೆ ಮೂರನೆಯದೂ ಉಂಟು.

ಮೈಲುತುತ್ತದಲ್ಲಿ ಕಾಲುಭಾಗ ತಾಮ್ರ. ಇನ್ನೂರು ಲೀಟರಿನ ಒಂದು ಡ್ರಮ್ಮಿಗೆ ಎರಡು ಕಿಲೋ ಮೈಲುತುತ್ತವೆಂದರೆ ಅರ್ಧ ಕಿಲೋ ತಾಮ್ರ. ಹಸುವಿಗೂ ತಾಮ್ರ ಬೇಕು, ಇಲ್ಲವೆಂದಲ್ಲ. ಆದರೆ ಎಷ್ಟು? ದಿನಕ್ಕೆ ಸುಮಾರು 100 ಮಿಲಿಗ್ರಾಂ ಸಾಕು. ಒಂದು ಡ್ರಮ್ಮಿನ ತಾಮ್ರ ಒಂದು ಹಸುವಿನ 5,000 ದಿನಗಳ, ಅಂದರೆ 13 ವರ್ಷಕ್ಕೂ ಮಿಕ್ಕಿದ ಅಗತ್ಯಕ್ಕೆ ಸಮ. ಅದರ ಬಹುಪಾಲು ಗೊನೆಗೆ, ಎಲೆಗೆ ಅಂಟುತ್ತದೆ, ನಿಜ. ಆದರೆ ಔಷಧಿ ಹೊಡೆದ ಮಧ್ಯಾಹ್ನ ತೋಟದೊಳಗೆ ನಡೆದವರಿಗೆ ಗೊತ್ತು, ಬುಡದ ಹುಲ್ಲಿನ ಮೇಲೆಲ್ಲ ನೀಲಿ ಚುಕ್ಕಿ. ಮಳೆಗೆ ತೊಳೆಯಬಾರದೆಂದು ಸೇರಿಸಿದ ಅಂಟು ಹುಲ್ಲಿನ ಮೇಲೂ ಅಷ್ಟೇ ಗಟ್ಟಿಯಾಗಿ ಹಿಡಿಯುತ್ತದೆ.

ಪಶುಪೋಷಣೆಯ ಅಳತೆಯಂತೆ ಒಣಪದಾರ್ಥದ ಪ್ರತಿ ಕಿಲೋದಲ್ಲಿ ತಾಮ್ರ 40 ಮಿಲಿಗ್ರಾಂ ಮೀರಿದ ಮೇವು ದೀರ್ಘಕಾಲ ಹಸುವಿಗೆ ಸುರಕ್ಷಿತವಲ್ಲ. ಕುರಿಗೆ ಈ ಮಿತಿ 15 ಮಾತ್ರ. ಪ್ರಾಣಿಗಳಲ್ಲಿ ತಾಮ್ರಕ್ಕೆ ಅತಿ ಬೇಗ ಬಲಿಯಾಗುವುದು ಕುರಿ. ಎಳೆಗರುಗಳೂ ಸೂಕ್ಷ್ಮ. ಇಲ್ಲಿನ ಮೋಸವೆಂದರೆ ತಾಮ್ರ ತಕ್ಷಣ ಏನೂ ಮಾಡುವುದಿಲ್ಲ. ಯಕೃತ್ತು ಅದನ್ನು ತಿಂಗಳುಗಟ್ಟಲೆ ಸದ್ದಿಲ್ಲದೆ ಕೂಡಿಡುತ್ತದೆ. ಹಸು ತಿನ್ನುತ್ತದೆ, ಹಾಲು ಕೊಡುತ್ತದೆ. ಕೂಡಿಡುವ ಶಕ್ತಿ ಮುಗಿದ ದಿನ, ಅಥವಾ ಗಬ್ಬ, ಪ್ರಯಾಣ, ಉಪವಾಸದಂಥ ಒತ್ತಡ ಬಿದ್ದ ದಿನ, ಒಮ್ಮೆಲೇ ರಕ್ತಕ್ಕೆ ಬಿಡುತ್ತದೆ. ರಕ್ತಕಣಗಳು ಒಡೆಯುತ್ತವೆ, ಮೂತ್ರ ಕೆಂಪು ಅಥವಾ ಕಾಫಿ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಹಳದಿಯಾಗುತ್ತದೆ. ಅಷ್ಟು ಹೊತ್ತಿಗೆ ಔಷಧಿ ಹೊಡೆದು ಎರಡು ತಿಂಗಳಾಗಿರಬಹುದು. ಆ ಹುಲ್ಲಿಗೂ ಈ ಕಾಯಿಲೆಗೂ ಯಾರೂ ಗಂಟು ಹಾಕುವುದಿಲ್ಲ. ಕೆಂಪು ಮೂತ್ರಕ್ಕೆ ಉಣ್ಣೆಜ್ವರವೂ ಸೇರಿದಂತೆ ಬೇರೆ ಕಾರಣಗಳೂ ಇರುವುದರಿಂದ ಗೊಂದಲ ಇನ್ನೂ ಹೆಚ್ಚು. ವೈದ್ಯರು ಬಂದಾಗ ತೋಟಕ್ಕೆ ಏನು ಹೊಡೆದಿದ್ದೆವು, ಯಾವಾಗ ಹೊಡೆದಿದ್ದೆವು ಎಂದು ಹೇಳುವುದು ಅರ್ಧ ಚಿಕಿತ್ಸೆ ಇದ್ದಂತೆ.

ಬೋರ್ಡೋ ಒಂದೇ ಆಗಿದ್ದರೆ ನಿಭಾಯಿಸಬಹುದಿತ್ತು. ಕೆಲವು ವರ್ಷಗಳಿಂದ ತೀರ್ಥಹಳ್ಳಿ, ಹೊಸನಗರ, ಶೃಂಗೇರಿ, ಕೊಪ್ಪ ಭಾಗದ ತೋಟಗಳನ್ನು ಎಲೆಚುಕ್ಕಿ ರೋಗ ಕಾಡುತ್ತಿದೆ. ಅದಕ್ಕೆ ಪ್ರೊಪಿಕೊನಜೋಲ್‌ನಂಥ ಅಂತರ್ವ್ಯಾಪಿ ಶಿಲೀಂಧ್ರನಾಶಕಗಳು ಬಂದವು. ಗೊನೆಗೆ ಮಾತ್ರವಲ್ಲ, ಇಡೀ ಹೆಡೆಗೇ ಹೊಡೆಯಬೇಕು. ಮರದ ತಲೆಯನ್ನೆಲ್ಲ ತೋಯಿಸಿದರೆ ನೆಲಕ್ಕಿಳಿಯುವ ಪಾಲೂ ಹೆಚ್ಚುತ್ತದೆ ಎಂಬುದಕ್ಕೆ ಸಂಶೋಧನೆ ಬೇಕಿಲ್ಲ.

ಹಸಿರಾಗಿಯೇ ಕಾಣುವ ವಿಷ

ಕೂಲಿಯಾಳು ಸಿಗದೆ ತೋಟಿಗರು ಕಳೆನಾಶಕದ ಮೊರೆ ಹೋದದ್ದು ಅರ್ಥವಾಗುವ ಸಂಗತಿ. ಒಬ್ಬನೇ ಆಳು ಬೆನ್ನಿಗೆ ಪಂಪು ಕಟ್ಟಿಕೊಂಡು ದಿನವೊಂದರಲ್ಲಿ ಮುಗಿಸುವ ಕೆಲಸಕ್ಕೆ ಕತ್ತಿಯಲ್ಲಾದರೆ ವಾರ ಬೇಕು. ಆದರೆ ಗ್ಲೈಫೋಸೇಟ್ ಹೊಡೆದ ಹುಲ್ಲು ತಕ್ಷಣ ಒಣಗುವುದಿಲ್ಲ. ಕೆಲವು ದಿನ ಎಂದಿನಂತೆ ಹಸಿರಾಗಿಯೇ ನಿಂತಿರುತ್ತದೆ. ಪಕ್ಕದ ಮನೆಯಾಕೆ ‘ನಿಮ್ಮ ತೋಟದ ಹುಲ್ಲು ಕೊಯ್ದುಕೊಳ್ಳಲೇ ಅಕ್ಕಾ’ ಎಂದು ಕೇಳಿ ಕೊಯ್ದುಕೊಂಡು ಹೋಗುವ ಊರುಗಳಲ್ಲಿ, ಯಜಮಾನ ಹೊಡೆಸಿದ್ದು ಯಜಮಾನಿತಿಗೇ ತಿಳಿಯದಿದ್ದರೆ ಏನು ಗತಿ? ಪ್ಯಾರಾಕ್ವಾಟ್ ಬೇಗ ಸುಡುತ್ತದೆ, ಕಣ್ಣಿಗೆ ಕಾಣುತ್ತದೆ. ಆದರೆ ಅದು ಇನ್ನೂ ಘೋರ, ಮನುಷ್ಯನ ಹೊಟ್ಟೆಗೆ ಸೇರಿದರೆ ಪ್ರತ್ಯೌಷಧವೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಗ್ಲೈಫೋಸೇಟನ್ನು ಮನುಷ್ಯರಲ್ಲಿ ಕ್ಯಾನ್ಸರ್‌ಗೆ ಕಾರಣವಾಗಬಹುದಾದ ವಸ್ತುಗಳ ಸಾಲಿಗೆ ಸೇರಿಸಿತು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ, ಕೀಟ ನಿಯಂತ್ರಣದ ಪರವಾನಗಿ ಉಳ್ಳವರ ಮೂಲಕ ಮಾತ್ರ ಇದನ್ನು ಬಳಸಬೇಕೆಂದು ಅಧಿಸೂಚನೆ ಹೊರಡಿಸಿತು. ಕಾಗದದ ಮೇಲಿನ ಆ ಪರವಾನಗಿದಾರ ಯಾವ ಹಳ್ಳಿಯ ತೋಟಕ್ಕೆ ಬಂದು ಪಂಪು ಹೊತ್ತಾನು ಎಂಬುದು ಬೇರೆ ಮಾತು.

ಕಳೆನಾಶಕದ ಇನ್ನೊಂದು ಪರಿಣಾಮವನ್ನು ತೋಟಿಗರೇ ಗುರುತಿಸಬಲ್ಲರು. ಎಳೆಹುಲ್ಲು ಸತ್ತು ಬೋಳಾದ ನೆಲದಲ್ಲಿ ಮರುವರ್ಷ ಮೊದಲು ಏಳುವುದು ದನ ತಿನ್ನುವ ಹುಲ್ಲೇ ಆಗಬೇಕೆಂದಿಲ್ಲ. ಮಳೆಗೆ ಮೇಲ್ಮಣ್ಣು ಕಾಲುವೆಗೆ ಹರಿಯುವುದಂತೂ ಖಚಿತ. ಹುಲ್ಲಿನ ಹೊದಿಕೆ ಇಳಿಜಾರಿನ ತೋಟದಲ್ಲಿ ಮಣ್ಣನ್ನು ಹಿಡಿದಿಟ್ಟಿತ್ತು.

ಕೊಟ್ಟಿಗೆಯಿಂದ ತೋಟಕ್ಕೆ

ಹುಲ್ಲು ಅಡಿಕೆಯ ಗೊಬ್ಬರ ತಿಂದುಬಿಡುತ್ತದೆ ಎಂಬುದು ಕಳೆನಾಶಕ ಬಳಸುವವರ ವಾದ. ಅದರಲ್ಲಿ ಸತ್ಯಾಂಶವಿದೆ. ಹುಲ್ಲನ್ನು ಹೊರಗೆ ಸಾಗಿಸಿ ಏನನ್ನೂ ಮರಳಿಸದಿದ್ದರೆ ನೆಲ ಬಡವಾಗುತ್ತದೆ, ಅದರಲ್ಲೂ ಪೊಟ್ಯಾಷ್ ಬೇಗ ಕರಗುತ್ತದೆ. ಆದರೆ ಆ ಹುಲ್ಲು ಹೋಗುವುದು ಪಕ್ಕದ ಕೊಟ್ಟಿಗೆಗೆ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಕೊಟ್ಟಿಗೆ ಗೊಬ್ಬರ, 12 ಕಿಲೋ ಹಸಿರೆಲೆ ಕೊಡಬೇಕೆಂಬ ಶಿಫಾರಸು ಇದೆ. ಎಕರೆಗೆ ಲೆಕ್ಕ ಹಾಕಿದರೆ ಗೊಬ್ಬರವೇ ಆರೂವರೆ ಟನ್ನು. ಮಿಶ್ರತಳಿ ಹಸು ದಿನಕ್ಕೆ ಹತ್ತು ಕಿಲೋ ಸಗಣಿ ಹಾಕಿದರೂ ವರ್ಷಕ್ಕೆ ಮೂರೂವರೆ ಟನ್ ದಾಟುತ್ತದೆ; ಕೊಳೆಯುವಾಗ ಇಳಿಯುವ ತೂಕವನ್ನು ಹಾಸಿದ ದರಕು ತುಂಬಿಕೊಡುತ್ತದೆ. ಎಕರೆ ತೋಟಕ್ಕೆ ಎರಡು ಹಸು ಎಂಬ ಹಳೆಯ ಮನೆಗಳ ಅಂದಾಜು ಸುಮ್ಮನೆ ಬಂದದ್ದಲ್ಲ. ದನ ಮಾರಿದ ಮನೆಗಳು ಈಗ ಗೊಬ್ಬರವನ್ನೂ ಲಾರಿಯಲ್ಲೇ ತರಿಸುತ್ತಿವೆ.

ಅತಿಯಾದರೆ ಇಲ್ಲೂ ತೊಂದರೆ ಉಂಟು. ಸಗಣಿ ಗಂಜಲದ ಸ್ಲರಿಯನ್ನೋ ಯೂರಿಯಾವನ್ನೋ ಯಥೇಚ್ಛವಾಗಿ ಕೊಟ್ಟ ಹುಲ್ಲಿನಲ್ಲಿ, ನೆರಳಿದ್ದು ಮೋಡ ಮುಸುಕಿದ ದಿನಗಳಲ್ಲಿ, ನೈಟ್ರೇಟ್ ಶೇಖರವಾಗುತ್ತದೆ. ಗೊಬ್ಬರ ಕೊಟ್ಟು ಎರಡು ಮೂರು ವಾರವಾದರೂ ಕಳೆದ ಮೇಲೆ ಕೊಯ್ಯುವುದು, ಹಸಿದ ಹಸುವಿಗೆ ಒಮ್ಮೆಲೇ ರಾಶಿ ಹಾಕದಿರುವುದು ಕ್ಷೇಮ.

ಔಷಧಿಯ ವಿಷಯದಲ್ಲಿಯೂ ದಾರಿ ಇಲ್ಲದಿಲ್ಲ. ಸಿಂಪಡಣೆಗೆ ಮುನ್ನಾ ದಿನವೇ ಆ ಭಾಗದ ಹುಲ್ಲನ್ನೆಲ್ಲ ಕೊಯ್ದು ನೆರಳಲ್ಲಿ ಹರಡಿಟ್ಟುಕೊಳ್ಳಬಹುದು. ಔಷಧಿ ಬೀಳುವುದು ಬರಿಯ ಕೂಳೆಯ ಮೇಲೆ, ಮತ್ತೆ ಚಿಗುರುವ ಹುಲ್ಲು ಬಹುಪಾಲು ಶುದ್ಧವಾಗಿರುತ್ತದೆ. ಕೊಯ್ಯಲಾಗದೆ ಉಳಿದ ಹುಲ್ಲನ್ನು ಕೊಟ್ಟಿಗೆಗೆ ತರದೆ ಮರದ ಬುಡಕ್ಕೇ ಮುಚ್ಚಿಗೆಯಾಗಿ ಹಾಕುವುದು ಒಳಿತು. ತೋಟವನ್ನು ಎರಡು ಪಾಲು ಮಾಡಿ, ಒಂದರಲ್ಲಿ ಹೊಡೆದಾಗ ಇನ್ನೊಂದರ ಹುಲ್ಲು ಬಳಸುವ ಕ್ರಮವೂ ಇದೆ. ಮೇವಿಗೆಂದು ಇಟ್ಟ ಭಾಗಕ್ಕೆ ಕಳೆನಾಶಕ ತಾಗಿಸದೆ ಯಂತ್ರದಲ್ಲಿ ಕತ್ತರಿಸುವುದು ಇನ್ನೊಂದು. ಯಂತ್ರದ ಹುಲ್ಲಿಗೆ ಮಣ್ಣು ಸಿಡಿಯುತ್ತದೆ, ಹಸು ಮೂತಿ ತಿರುಗಿಸುತ್ತದೆ ಎಂಬ ದೂರು ಇದೆ. ನೈಲಾನ್ ದಾರದ ಬದಲು ಬ್ಲೇಡ್ ಹಾಕಿ ನಾಲ್ಕು ಬೆರಳು ಎತ್ತರಕ್ಕೆ ಕತ್ತರಿಸಿದರೆ ಆ ತೊಂದರೆ ಕಡಿಮೆ.

ತೊಡಕಿರುವುದು ‘ಮುನ್ನಾ ದಿನ’ ಎಂಬ ಮಾತಿನಲ್ಲಿ. ಮರ ಹತ್ತಿ ಔಷಧಿ ಹೊಡೆಯುವ ನುರಿತ ಕೊನೆಗಾರರು ಊರಿಗೊಬ್ಬರೋ ಇಬ್ಬರೋ. ಮಳೆ ಬಿಟ್ಟು ಬಿಸಿಲು ಬಂದರೆ ಎಲ್ಲ ತೋಟದವರೂ ಅವರ ಮನೆಯ ಮುಂದೆ. ‘ನಾಳೆ ನಿಮ್ಮಲ್ಲಿಗೆ’ ಎಂದು ಕೊನೆಗಾರ ಫೋನ್ ಮಾಡುವಾಗ ರಾತ್ರಿ ಎಂಟು ಗಂಟೆ. ಆ ಹೊತ್ತಿನಲ್ಲಿ ತೋಟಕ್ಕೆ ಇಳಿದು ಯಾರು ಹುಲ್ಲು ಕೊಯ್ದಾರು? ಮೈಲುತುತ್ತ ನೆನೆಹಾಕುವುದಷ್ಟೇ ಅಂದಿನ ಕೆಲಸ.